ಕೊಂಡಜ್ಜಿ ಇಳಿಜಾರಿನಲ್ಲಿ ಒಂದು ‘ಬಿಡ್ರಿ’

ನನ್ನ ಸೈಕಲ್ಲಿಗೆ ಕೈಬ್ರೇಕ್ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಮಂಡಿಪೇಟೆ ಹತ್ತಿರದ ಗುಜರಿ ಅಂಗಡಿಯಲ್ಲಿ ನನ್ನ ಗಂಡನ ಕಣ್ಣಿಗೆ ಬಿದ್ದ ಹಳೆಯ ಫಾರಿನ್ ಕ್ರೂಸರ್ ಅದು. ದಪ್ಪ ಟೈರು, ಅಗಲ ಹ್ಯಾಂಡಲ್ಲು, ಕುರ್ಚಿಯಂಥ ಸೀಟು. ಬೆನ್ನು ನೆಟ್ಟಗಿಟ್ಟು ಕೂತು ಎಂ.ಸಿ.ಸಿ. ಬಡಾವಣೆಯಿಂದ ಕೆ.ಬಿ. ಬಡಾವಣೆಗೆ ಹೋಗಿಬರಲು ಅದರಂಥ ಸೈಕಲ್ ಇನ್ನೊಂದಿಲ್ಲ. “ಮುಂದ್ಕೆ ಒಂದು ಕೈಬ್ರೇಕ್ ಹಾಕಿಸ್ರಿ” ಎಂದು ಎಷ್ಟು ಸಲ ಹೇಳಿದ್ದೆನೋ. “ಹಳೇ ಮಾಲು, ಅಂದ ಕೆಡತೈತೆ, ಬ್ಯಾಡ” ಎನ್ನುವುದು ಅವರ ಒಂದೇ ರಾಗ. ಅಂದ ನೋಡುವವರು ಅವರು, ತುಳಿಯುವವಳು ನಾನು!

ಊರಿನ ಮೌಂಟನ್ ಬೈಕ್ ಕ್ಲಬ್ಬಿಗೆ ಸೇರಿದ್ದೂ ಅವರದೇ ಹುಚ್ಚು. ಡಾಕ್ಟರು ವಾಕಿಂಗ್ ಮಾಡಿ ಎಂದರೆ ಇವರು ಗೇರ್ ಸೈಕಲ್ ತಂದರು. ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು, ಗ್ಲೌಸು ಹಾಕಿಕೊಂಡು ನಿಂತವರ ನಡುವೆ ಚೂಡಿದಾರದ ನಾನು, ನನ್ನ ಎಮ್ಮೆಯಂಥ ಸೈಕಲ್ಲು. ಎಲ್ಲರೂ ನಕ್ಕರು, ಆಮೇಲೆ ಸೇರಿಸಿಕೊಂಡರು.

ನನ್ನ ಗಂಡ ಇಳಿಜಾರು ಕಂಡರೆ ಸಾಕು, ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದುಬಿಡುತ್ತಿದ್ದರು. ಹಾಗೆ ಹಿಡಿದರೆ ಚಕ್ರ ಜಾರುತ್ತದಂತೆ. ಕ್ಲಬ್ಬಿನ ಮುಂದಾಳು, ಜಿಮ್ ನಡೆಸುವವನು, ಪ್ರತಿ ಸಲವೂ ಹಿಂದಿನಿಂದ “ಬಿಡ್ರಿ ಸರ್, ಬಿಡ್ರಿ!” ಎಂದು ಕೂಗಬೇಕು. ಹೀಗಾಗಿ ನಮ್ಮ ಗುಂಪಿನಲ್ಲಿ ‘ಬಿಡ್ರಿ’ ಎಂದರೆ ಬ್ರೇಕ್ ಬಿಡಿ ಎಂದೇ ಆಗಿಹೋಗಿತ್ತು.

ಆ ಭಾನುವಾರ ಕೊಂಡಜ್ಜಿ ಗುಡ್ಡ ಹತ್ತಿ ಇಳಿದು, ಹರಿಹರಕ್ಕೆ ಹೋಗಿ ಹೊಳೆ ನೋಡಿ ಬರುವ ಪ್ಲಾನು. ಹತ್ತುವಾಗ ನಾನು ಸೈಕಲ್ ತಳ್ಳಿಕೊಂಡೇ ಹೋದೆ. ಇಳಿಯುವಾಗ ಉಳಿದವರು ಆಗಲೇ ಕೆಳಗೆ ಹೋಗಿದ್ದರು. ನನ್ನ ಗಂಡ ಮುಂದೆ, ನಾನು ಹಿಂದೆ. ಕಿರಿದಾದ ದಾರಿ, ಒಂದು ಕಡೆ ಮುಳ್ಳಿನ ಪೊದೆ, ಇನ್ನೊಂದು ಕಡೆ ಕೊರಕಲು. ಕಲ್ಲೊಂದರ ಮೇಲೆ ನನ್ನ ಚಕ್ರ ಎಗರಿ, ಕಾಲ ಹತ್ತಿರ ಕಟಕ್ ಎಂದಿತು. ಹಿಂದಕ್ಕೆ ತುಳಿದೆ. ಪೆಡಲು ಸುಮ್ಮನೆ ತಿರುಗಿತು. ಚೈನ್ ಬಿದ್ದಿತ್ತು. ಚೈನ್ ಇಲ್ಲದಿದ್ದರೆ ಆ ಸೈಕಲ್ಲಿಗೆ ಬ್ರೇಕೂ ಇಲ್ಲ.

ಸೈಕಲ್ ಓಡತೊಡಗಿತು. ಗಂಡನ ಬೆನ್ನು ಹತ್ತಿರ ಹತ್ತಿರ ಬರುತ್ತಿದೆ. ಗುದ್ದಿದರೆ ಇಬ್ಬರೂ ಕೊರಕಲಿಗೆ. ಪಕ್ಕಕ್ಕೆ ಸರಿದು ದಾರಿ ಬಿಡಲಿ ಎಂದು ಗಂಟಲು ಹರಿಯುವಂತೆ ಕೂಗಿದೆ: “ರೀ, ಬಿಡ್ರೀ! ಬಿಡ್ರೀ!”

ಅವರು ಬ್ರೇಕ್ ಬಿಟ್ಟರು.

ಅಯ್ಯೋ ಶಿವನೇ! ಯಾವತ್ತೂ ಬಿಡದ ಮನುಷ್ಯ ಎರಡೂ ಕೈ ಸಡಿಲಿಸಿ ಹಾರಿದಂತೆ ಹೋದರು, ತಿರುವಿನಲ್ಲಿ ಮರೆಯಾದರು. ಧಡ್ ಎಂದು ಸದ್ದು. ಆಮೇಲೆ ಸದ್ದೇ ಇಲ್ಲ. ನಾನು ಹ್ಯಾಂಡಲ್ ಎಳೆದು ಪೊದೆಗೆ ನುಗ್ಗಿಸಿ ಬಿದ್ದೆ. ಮೈಯೆಲ್ಲ ತರಚಿತ್ತು, ನೋವೇ ತಿಳಿಯಲಿಲ್ಲ. “ರೀ, ರೀ” ಎನ್ನುತ್ತ ಓಡಿದೆ. ಮಗಳಿಗೆ ಫೋನಿನಲ್ಲಿ ಹೆಂಗೆ ಹೇಳಲಿ, ಮಧ್ಯಾಹ್ನಕ್ಕೆ ಅವರಿಗೆಂದು ನೆನೆಹಾಕಿದ ಕಡಲೆ ಯಾರಿಗೆ ಬಡಿಸಲಿ, ಹಾಳು ತಲೆಗೆ ಅದೇ ಬರುತ್ತಿತ್ತು. ಅಂಥ ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ತಿರುವಿನಾಚೆ ಮಣ್ಣಿನ ಗುಡ್ಡೆಗೆ ಒರಗಿ ಕೂತಿದ್ದರು. ಮುಖ ಬಿಳಿಚಿತ್ತು, ಮುಂಗೈ ಊದಿತ್ತು. ಉಸಿರಾಡುತ್ತಿದ್ದರು. ಅಳುತ್ತಲೇ ಬೈದೆ: “ದಾರಿ ಬಿಡ್ರಿ ಅಂದ್ರೆ ಬ್ರೇಕ್ ಬಿಡ್ತಾರೇನ್ರೀ? ಬುದ್ಧಿ ಐತೇನ್ರೀ ನಿಮ್ಗೆ?”

ಅವರು ನನ್ನನ್ನೇ ನೋಡಿದರು. “ನಂಗೂ ಜೀವ ಬಾಯಿಗೆ ಬಂದಿತ್ತು. ಆದ್ರೆ ನೀ ಹೇಳಿದ್ಯಲ್ಲ. ಸುಮ್ನೆ ಹೇಳ್ತಾಳಾ, ಏನೋ ನೋಡೇ ಹೇಳಿರ್ತಾಳೆ ಅಂತ ಬಿಟ್ಟೆ.”

ಹರಿಹರದಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದೆವು. ಕೈ ವಾಸಿಯಾಯಿತು, ಇಬ್ಬರೂ ಮತ್ತೆ ಕ್ಲಬ್ಬಿಗೆ ಹೋಗುತ್ತೇವೆ. ಆದರೆ ಈ ಮನುಷ್ಯ ನನ್ನ ಮಾತು ಒಂದೂ ಕೇಳುವುದಿಲ್ಲ ಎಂದು ಮದುವೆಯಾದಾಗಿನಿಂದ ಕಂಡಕಂಡವರ ಮುಂದೆ ದೂರಿಕೊಂಡು ಬಂದವಳು ನಾನು. ಕೇಳುತ್ತಾರೆ ಎಂದು ಈಗ ಗೊತ್ತಾಗಿದೆ. ರಸ್ತೆ ದಾಟುವಾಗ ಅವರಿಗೆ ‘ಬರ್ರಿ’ ಎನ್ನಬೇಕಾದರೂ ಎದೆ ಹೊಡೆದುಕೊಳ್ಳುತ್ತದೆ.