ಪ್ರೆಸ್ಸಿನ ಹಣೆಗೆ ಕುಂಕುಮ

ನೈರೋಬಿಯ ನಮ್ಮ ಕಾರ್ಖಾನೆಯಲ್ಲಿ ಶೂ ಪಾಲಿಶ್ ಡಬ್ಬಿಯ ಮುಚ್ಚಳ ಒತ್ತುವ ಪ್ರೆಸ್ಸು ಅಮೆರಿಕದ್ದು, ನಮ್ಮಪ್ಪನ ವಯಸ್ಸಿನದು. ಆ ಕಾಲದಲ್ಲಿ ಅಲ್ಲಿ ಮುಚ್ಚಳ ಒತ್ತುವ ಯಂತ್ರವನ್ನೂ ರೈಲು ಎಂಜಿನ್ನಿನಷ್ಟು ಗಟ್ಟಿಯಾಗಿ ಎರಕ ಹೊಯ್ಯುತ್ತಿದ್ದರು. ಕಳೆದ ವರ್ಷ ಅದರ ಸ್ಪ್ರಿಂಗ್ ಮುರಿಯಿತು. ಹೊಸದು ಬೇಕೆಂದು, ಯಂತ್ರ ಮಾಡಿದ ಕಂಪನಿಗೇ ಫೋಟೊ ಕಳಿಸಿದೆ. ಅಲ್ಲಿಯ ಎಂಜಿನಿಯರು ಸ್ಪ್ರಿಂಗಿನ ಮಾತೇ ಎತ್ತಲಿಲ್ಲ. ‘ಹೆಸರಿನ ಫಲಕಕ್ಕೆ ಕೆಂಪಗೆ ತುಕ್ಕು ಹಿಡಿದಿದೆ, ಇಂಥ ಯಂತ್ರ ಓಡಿಸಬೇಡಿ’ ಎಂದು ಬರೆದ.

ಅದು ನಮ್ಮವರೇ ಹೆಚ್ಚಿರುವ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಅಂಗಡಿಯಿಂದ ತಂದು ಹಚ್ಚಿದ ಆಯುಧಪೂಜೆಯ ಕುಂಕುಮ. ಇಂಗ್ಲಿಷಿನಲ್ಲಿ ಅವನಿಗೆ ಹೇಗೆ ಹೇಳುವುದು, ನನ್ನ ಕರ್ಮ! ‘ತುಕ್ಕಲ್ಲ, ಪುಡಿ’ ಎಂದೆ.

‘ಹಾಗಾದರೆ ವರ್ಷಕ್ಕೊಂದು ಸಲವಾದರೂ ಒರೆಸಿ’ ಎಂದ.

ತಪ್ಪದೆ ಒರೆಸುತ್ತೇವೆ ಎಂದು ಬರೆದೆ. ಒರೆಸಿದ ಮೇಲೆ ಏನು ಮಾಡುತ್ತೀರಿ ಎಂದು ಅವನು ಕೇಳಲಿಲ್ಲ.