ಹಲಸಿನ ಮರದ ಚಮಚ

ಸ್ಟೀಲ್ ಚಮಚದ ಹಿಡಿ ಅದೆಷ್ಟು ತೆಳ್ಳಗಿದೆಯೆಂಬುದು ಅದು ಕೈಜಾರಿ ಬೀಳುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದು ಊಟಕ್ಕೆ ಹತ್ತು ಸಲ ಬೀಳುತ್ತಿತ್ತು. ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ನನ್ನ ಯಜಮಾನರಿಗೆ ನಡಿಗೆ ಮರಳಿತು, ಮಾತು ಮರಳಿತು, ವಕೀಲರಾದ್ದರಿಂದ ಮಾತು ತುಸು ಹೆಚ್ಚಾಗಿಯೇ ಮರಳಿತು. ಬಲಗೈಯ ಬೆರಳುಗಳು ಮಾತ್ರ ಪೂರ್ತಿ ಮಡಚಲೊಲ್ಲವು. ಎಡಗೈಯಲ್ಲಿ ಉಣ್ಣಲು ಅವರ ಸಂಸ್ಕಾರ ಒಪ್ಪದು, ನನ್ನ ಕೈತುತ್ತಿಗೆ ಅವರ ಸ್ವಾಭಿಮಾನ ಒಪ್ಪದು. ವಿಧಿಯಿಲ್ಲದೆ ನಾನೇ ತಿನ್ನಿಸಿದರೆ ನಾಲ್ಕು ತುತ್ತಿಗೇ ಸಾಕೆಂದು ಮುಖ ತಿರುಗಿಸುತ್ತಿದ್ದರು. ಅವರ ಕೈಗೆ ಒಗ್ಗುವ ಮರದ ಚಮಚವೊಂದನ್ನು ನಾನೇ ಕೆತ್ತುತ್ತೇನೆಂದು ತೀರ್ಮಾನಿಸಿದ್ದು ಆಗಲೇ.

ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಬೋಧಿಸಿಕೊಂಡಿದ್ದ ನಾನು ಅದುವರೆಗೆ ಕೆತ್ತಿದ್ದೆಂದರೆ ಪೆನ್ಸಿಲ್ ಮಾತ್ರ. ಆದರೂ ವಿದ್ವತ್ತಿನ ಅಹಂಕಾರ ಸುಮ್ಮನಿರುತ್ತದೆಯೇ? ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಗಾಂಧಿ ಬಜಾರಿನ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹೋದೆ. "ಯಜಮಾನ್ರು ಬರ್ಲಿಲ್ವಾ ಮೇಡಂ? ಇದು ಹೆಂಗಸ್ರು ಹಿಡಿಯೋ ಮಾಲಲ್ಲ" ಎಂದ ಅಂಗಡಿಯವನ ಮೇಲಿನ ಹಟಕ್ಕೆ, ಇದ್ದುದರಲ್ಲೇ ದೊಡ್ಡ ಗ್ರೈಂಡರನ್ನೂ ಮರ ಕೊರೆಯುವ ಹಲ್ಲಿನ ಬಿಲ್ಲೆಯನ್ನೂ ಹೊತ್ತು ತಂದೆ. ಓದುಗರೇ, ಹಟಕ್ಕೆ ಬಿದ್ದು ಕೊಂಡ ಉಪಕರಣದಷ್ಟು ಅಪಾಯಕಾರಿ ಪದಾರ್ಥ ಇನ್ನೊಂದಿಲ್ಲ. ಗುಂಡಿ ಒತ್ತಿದ್ದೇ ತಡ, ಅದು ನನ್ನನ್ನೇ ಎಳೆದಾಡಿತು. ಚಮಚಕ್ಕೆಂದು ತಂದಿಟ್ಟಿದ್ದ ಹಲಸಿನ ಮರದ ತುಂಡು ಹಾರಿ ಕಾಂಪೌಂಡಿನಾಚೆ ಬಿತ್ತು. ಒಣಹಾಕಿದ್ದ ಸಂಡಿಗೆಯ ಮೇಲೆಲ್ಲ ಹಳದಿ ಹೊಟ್ಟು. ಒಳಗಿನಿಂದ ಯಜಮಾನರು ಇದು ಯಾವ ಸೆಕ್ಷನ್ನಿನಡಿ ಬರುವ ಅಪರಾಧವೆಂದು ವಿವರಿಸತೊಡಗಿದರು.

ಸೋತು ಸುಣ್ಣವಾಗಿ ಭದ್ರಾವತಿಯ ಬಸ್ಸು ಹತ್ತಿದೆ. ಅಲ್ಲಿರುವ ನನ್ನಣ್ಣ ಬಸಣ್ಣ, ಕಬ್ಬಿಣದ ಎರಕಕ್ಕೆ ಬೇಕಾಗುವ ಮರದ ಮಾದರಿಗಳನ್ನು ಕೆತ್ತುತ್ತಲೇ ಕಾರ್ಖಾನೆಯಿಂದ ನಿವೃತ್ತನಾದವನು. ನನ್ನ ಪರಾಕ್ರಮ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಚಮಚಕ್ಕೆ ಗ್ರೈಂಡರಾ? ಒಳ್ಳೆ ಕೆಲ್ಸ ಮಾಡ್ದೆ ಮಾರಾಯ್ತಿ! ಹೊಸಬರಿಗೆ ಮಿಷನ್ ಬೇಡ ಕಣೇ, ತಪ್ಪು ಮಾಡಿದ್ದು ಗೊತ್ತಾಗೋದ್ರೊಳಗೆ ಮರಾನೇ ಇರಲ್ಲ. ಕೈ ಉಳಿ ಆದ್ರೆ ಕೇಳ್ಕೊಂಡು ಕೇಳ್ಕೊಂಡು ಹೋಗುತ್ತೆ." ಗುಳಿ ತೋಡಲು ಬಾಯಿ ಬಾಗಿದ ಉಳಿ, ಹಿಡಿ ಹೆರೆಯಲು ಚಾಕು, ನುಣುಪಿಗೆ ಒಂದು ಅರ, ಎಲ್ಲವನ್ನೂ ಮಸೆದು ತಿಕ್ಕಿ ಕೊಟ್ಟ. ಹೊಸದೊಂದು ಹಲಸಿನ ತುಂಡಿನ ಮೇಲೆ ಚಮಚದ ಗೆರೆಯನ್ನೂ ಎಳೆದುಕೊಟ್ಟ.

ಹದಿನೈದು ದಿನ ಜಗಲಿಯಲ್ಲಿ ಕುಳಿತು, ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಗೆರೆ ಮೀರದ ವಿಧೇಯ ವಿದ್ಯಾರ್ಥಿನಿಯಾಗಿ ಕೆತ್ತಿದೆ. ಮುಗಿಸಿ ನೋಡಿದರೆ ಹಿಡಿ ಲಟ್ಟಣಿಗೆಯಷ್ಟು ದಪ್ಪ! ಗಾಬರಿಯಿಂದ ಅಣ್ಣನಿಗೆ ಫೋನು ಮಾಡಿದೆ.

"ಅಯ್ಯೋ, ಕೈ ರೂಢಿ ಕಣೇ! ಎರಕ ಆರಿದ್ಮೇಲೆ ಕುಗ್ಗುತ್ತೆ, ಆಮೇಲೆ ಮಿಷನ್ನಲ್ಲಿ ಬೇರೆ ಹೆರೀತಾರೆ ಅಂತ ನಾವು ಸುತ್ತ ದಪ್ಪ ಬಿಟ್ಟೇ ಗೆರೆ ಎಳೆಯೋದು. ನಿನ್ ಚಮಚಕ್ಕೂ ಬಿಟ್ಬಿಟ್ಟಿದೀನಿ ನೋಡು! ಅರ ಹಾಕಿ ಇಳಿಸು."

ಅರ ಹುಡುಕಿಕೊಂಡು ಊಟದ ಮೇಜಿಗೆ ಬರುವಷ್ಟರಲ್ಲಿ ಯಜಮಾನರು ಚಮಚವನ್ನು ಕೈಗೆತ್ತಿಕೊಂಡಿದ್ದರು. ಅರ್ಧಕ್ಕೇ ನಿಂತುಬಿಡುವ ಅವರ ಬೆರಳುಗಳು ಆ ದಪ್ಪ ಹಿಡಿಯನ್ನು ಸುತ್ತಲೂ ಭದ್ರವಾಗಿ ಅಪ್ಪಿದ್ದವು. ಇನ್ನಷ್ಟು ಮಡಚುವ ಅಗತ್ಯವೇ ಇರಲಿಲ್ಲ. ಮೊಸರನ್ನ ತೋಡಿದರು. ಚಮಚ ಮೆಲ್ಲಗೆ ಮೇಲೇರಿ ಬಾಯಿ ಸೇರಿತು. ಒಂದಗುಳೂ ಬೀಳಲಿಲ್ಲ. ಎರಡನೆಯದು, ಮೂರನೆಯದು. ಗೆದ್ದೆ ಎಂದು ಕೂಗಬೇಕೆನಿಸಿತು, ಕೂಗಿಯೂ ಬಿಟ್ಟೆ. ನನ್ನ ಜೀವಮಾನದ ಯಾವ ಪದವಿಯೂ ನನಗೆ ಇಷ್ಟು ಹೆಮ್ಮೆ ತಂದಿರಲಿಲ್ಲ.

ಯಜಮಾನರು ಮಾತ್ರ ಗಂಭೀರವಾಗಿ ಅಗಿದು ನುಂಗಿ, "ಉಪ್ಪು ಕಮ್ಮಿ ಆಗಿದೆ ಕಣೇ" ಎಂದರು. ಇಷ್ಟು ತಿಂಗಳೂ ಲೋಕದ ಸಮಸ್ತ ವಿಷಯಗಳ ಬಗ್ಗೆ ವಾದ ಮಂಡಿಸುತ್ತಿದ್ದವರು, ನಾನು ತಿನ್ನಿಸಿದ ಅಡುಗೆಯ ಬಗ್ಗೆ ಒಮ್ಮೆಯೂ ತಕರಾರು ತೆಗೆದಿರಲಿಲ್ಲ. ಉಪ್ಪಿನ ಡಬ್ಬಿ ತಂದು ಎದುರಿಗಿಟ್ಟೆ.

"ನೀವೇ ಹಾಕ್ಕೊಳ್ರೀ" ಎಂದೆ.

ಹಾಕಿಕೊಂಡರು.