ದೊಡ್ಡಮ್ಮ ಕಂಡ ಮುಖ

ಮೊನ್ನೆ ಹಳೆಯ ಪೇಪರು ಕೊಡಲೆಂದು ಉಡುಪಿಯ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮೂಲೆಯಿಂದ ಎಳೆದ ಕಟ್ಟೊಂದರಿಂದ ಪಾಕೆಟ್ ಕಾದಂಬರಿಯೊಂದು ಜಾರಿ ನನ್ನ ಕಾಲ ಬುಡಕ್ಕೆ ಬಿತ್ತು. ಎತ್ತಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಮೂಸಿ ನೋಡಿದ್ದು. ನೀವಾದರೂ ಅದನ್ನೇ ಮಾಡುತ್ತಿದ್ದಿರಿ, ಸುಮ್ಮನೆ ನಗಬೇಡಿ. ಒದ್ದೆ ಗೋಡೆ, ಗೆದ್ದಲು, ಯಾರದೋ ತಲೆಯ ತೆಂಗಿನೆಣ್ಣೆ ಎಲ್ಲ ಸೇರಿದ ಆ ವಾಸನೆಗೆ ನನ್ನ ಕಾಲೇಜಿನ ದಿನಗಳೆಲ್ಲ ಎದ್ದು ಕೂತವು. ಮುಖಪುಟದಲ್ಲಿ ಒಬ್ಬ ಗಡ್ಡದವ. ಒಂದು ಕೈಯಲ್ಲಿ ತುಂಡಾದ ಬೇಡಿ, ಇನ್ನೊಂದರಲ್ಲಿ ಮಚ್ಚು. ಹಿಂದೆ ಜೈಲಿನ ಗೋಡೆ, ಅದರ ಮೇಲೆ ಯಾವ ಕಾರಣವೂ ಇಲ್ಲದೆ ಒಂದು ಹೆಣ್ಣಿನ ಕಣ್ಣು.

ಕಥೆ ಓದದೆಯೇ ಗೊತ್ತು. ಒಬ್ಬ ನಿರಪರಾಧಿ, ಅವನ ತಲೆಗೆ ಕಟ್ಟಿದ ಒಂದು ಕೊಲೆ. ಲಂಚ ತಿಂದು ಸುಳ್ಳು ಸಾಕ್ಷಿ ಹೇಳುವ ಒಬ್ಬ ನೀಚ. ಜೈಲಿನಲ್ಲಿ ಕಲ್ಲು ಒಡೆಯುತ್ತ ಸೇಡಿನ ಪ್ರತಿಜ್ಞೆ. ಹೊರಗೆ ಬಂದ ಮೇಲೆ ಒಬ್ಬೊಬ್ಬರನ್ನೇ ಹುಡುಕಿ ಮುಗಿಸುವುದು. ಕೊನೆಯ ಪುಟದಲ್ಲಿ ತಪ್ಪದೆ ಮಳೆ. ಇಂಥವನ್ನು ನಾನು ಎಷ್ಟು ಓದಿದ್ದೇನೆಂದು ಹೇಳಿದರೆ ನಮ್ಮ ಶಾಲೆಯ ಮಕ್ಕಳು ನನ್ನಿಂದ ಗಣಿತ ಕಲಿಯಲಿಕ್ಕಿಲ್ಲ. ಕಾಪುವಿನ ಹೈಸ್ಕೂಲಿನಲ್ಲಿ ಪಾಠ ಮಾಡುವ ಹೆಂಗಸಿಗೆ ಇಷ್ಟೊಂದು ರಕ್ತ ಯಾಕೆ ಬೇಕು ಎಂದು ನನ್ನವರು ಒಮ್ಮೆ ಕೇಳಿದ್ದರು. "ಕೊನೆಗೆ ಎರಡೂ ಬದಿ ಸರಿಸಮ ಆಗ್ತದಲ್ಲ, ಅದಕ್ಕೆ" ಎಂದಿದ್ದೆ. ಆ ದಿನ ಅವರು ಊಟದಲ್ಲಿ ಉಪ್ಪು ಕಡಿಮೆಯಾದರೂ ಮಾತೆತ್ತಲಿಲ್ಲ.

ಈ ಚಟ ಹತ್ತಿದ್ದು ಕಾರ್ಕಳದಲ್ಲಿ. ನನ್ನ ತವರುಮನೆ ಕಡಲ ಬದಿಯ ಮಟ್ಟುವಿನಲ್ಲಿ. ಅಲ್ಲಿಂದ ದಿನಾ ಕಾಲೇಜಿಗೆ ಓಡಾಡುವುದು ಕಷ್ಟವೆಂದು ಅಮ್ಮ ನನ್ನನ್ನು ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿದ್ದ ಅವಳ ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ದೊಡ್ಡಮ್ಮನಿಗೆ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ತಿರುಳು ವಿಂಗಡಿಸುವ ಕೆಲಸ ಅವಳದು. ಇಡೀ ತಿರುಳು ಬೇರೆ, ತುಂಡು ಬೇರೆ, ಕರಕಲಾದದ್ದು ಬೇರೆ. ಮೇಜಿನ ಮೇಲೆ ಸುರಿದ ರಾಶಿಯ ಮೇಲೆ ಅವಳ ಕಣ್ಣು ಓಡಿದರೆ ಸಾಕು, ಬೆರಳು ತಾನಾಗಿ ಹಿಂದೆ ಹೋಗುತ್ತಿತ್ತು. "ನನ್ನ ಕಣ್ಣಿಗೆ ಮೋಸ ಮಾಡ್ಲಿಕ್ಕೆ ಆಗುವುದಿಲ್ಲ" ಎನ್ನುವುದು ಅವಳಿಗಿದ್ದ ಒಂದೇ ಒಂದು ಜಂಬ. ನಾನು ಬಸ್ ನಿಲ್ದಾಣದ ಹತ್ತಿರದ ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತಂದರೆ "ಎಂತ ಓದುವುದು ಮಾರಾಯ್ತಿ, ಬರೀ ಕಡಿ, ಕೊಚ್ಚು" ಎಂದು ಬೈಯುವಳು. ಆಮೇಲೆ ಅಕ್ಕಿ ಕಡೆಯುತ್ತ, "ಅಲ್ಲ, ಆ ಸುಳ್ಳು ಸಾಕ್ಷಿ ಹೇಳಿದವನನ್ನು ಕೊನೆಗೆ ಎಂತ ಮಾಡಿದ?" ಎಂದು ಕೇಳುವಳು. ನಾನು ವಿವರವಾಗಿ ಹೇಳಿದರೆ, "ಹಾಗೇ ಆಗ್ಬೇಕು" ಎಂದು ಸಮಾಧಾನದಿಂದ ಕಡೆಯುವ ಕಲ್ಲು ತಿರುಗಿಸುವಳು.

ಎದುರು ಮನೆಯ ಜಲಜಕ್ಕ ಅವಳ ಜೀವದ ಗೆಳತಿ. ಗಂಡ ಮಸ್ಕತ್‌ನಲ್ಲಿದ್ದರು. ಮನೆಯ ಮೇಲೆ ಇನ್ನೊಂದು ಮಾಳಿಗೆ ಕಟ್ಟಿಸುವ ಕೆಲಸ ನಡೆದಿತ್ತು. ಕಲ್ಲು ಹೊರಲು, ಗಾರೆ ಕಲಸಲು ಬರುತ್ತಿದ್ದವರು ಘಟ್ಟದ ಮೇಲಿನವರು, ಬಾಗಲಕೋಟೆ ಕಡೆಯವರು. ಅವರ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆದದ್ದೂ ಇಲ್ಲ. "ಘಟ್ಟದವರು ಬಂದ್ರು", "ಘಟ್ಟದವರು ಹೋದ್ರು", ಅಷ್ಟೇ.

ಒಂದು ದಿನ ನಾನು ಕಾಲೇಜಿನಿಂದ ಬರುವಾಗ ಓಣಿ ತುಂಬ ಜನ. ಜಲಜಕ್ಕನನ್ನು ಅವರ ಅಡುಗೆಮನೆಯಲ್ಲೇ ಯಾರೋ ಕೊಂದಿದ್ದರು. ಕತ್ತಿನ ಕರಿಮಣಿ, ಕೈಯ ಬಳೆ ಇರಲಿಲ್ಲ. ನಮ್ಮ ಮೆಟ್ಟಿಲ ಮೇಲೆ ಕೂತಿದ್ದ ದೊಡ್ಡಮ್ಮನ ಸೀರೆಯಲ್ಲೆಲ್ಲ ರಕ್ತ. ಮೊದಲು ಓಡಿಹೋಗಿ ಗೆಳತಿಯನ್ನು ಎತ್ತಿದವಳು ಅವಳೇ. ಅದಕ್ಕೂ ಸ್ವಲ್ಪ ಮೊದಲು, ಜಲಜಕ್ಕನ ಹಿತ್ತಿಲಿನಿಂದ ಒಬ್ಬ ಪಾಗಾರದ ಗೋಡೆ ಹಾರಿ ಓಡುವುದನ್ನು ಅವಳು ಗೇಟಿನ ಬಳಿಯಿಂದ ಕಂಡಿದ್ದಳು. ನೀಲಿ ಅಂಗಿ, ತಲೆಗೆ ಸುತ್ತಿದ ಟವೆಲು. ಪಾಗಾರ ಹತ್ತುವಾಗ ಒಮ್ಮೆ ತಿರುಗಿ ನೋಡಿದನಂತೆ.

ಪೊಲೀಸರು ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದಾಗ ದೊಡ್ಡಮ್ಮ ನೀಲಿ ಅಂಗಿಯವನ ಎದುರು ನಿಂತು ಬೆರಳು ತೋರಿಸಿದಳು. ಆಗಲೇ ನಮಗೆ ಅವನ ಹೆಸರು ತಿಳಿದದ್ದು: ಯಮನಪ್ಪ. ಆ ಮಧ್ಯಾಹ್ನ ಜ್ವರವೆಂದು ಕೆಲಸ ಬಿಟ್ಟು ಆನೆಕೆರೆಯ ದಂಡೆಯಲ್ಲಿ ಮಲಗಿದ್ದೆ ಎಂದು ಅವನು ಹೇಳಿದನಂತೆ. ಅಲ್ಲಿ ಅವನನ್ನು ಕಂಡವರು ಒಬ್ಬರೂ ಸಿಗಲಿಲ್ಲ. ಕೋರ್ಟಿನಲ್ಲಿ ಅವನ ಕಡೆಯ ವಕೀಲರು ದೊಡ್ಡಮ್ಮನನ್ನು ತಿರುಗಿಸಿ ಮುರುಗಿಸಿ ಕೇಳಿದರೂ ಅವಳು ಅಲುಗಲಿಲ್ಲ. "ಗೆಳತಿಯನ್ನು ಕೊಂದವನ ಮುಖ ಮರೆಯಲಿಕ್ಕೆ ನಾನು ಕಲ್ಲಾ?" ಎಂದಳಂತೆ. ಶಿಕ್ಷೆಯಾಯಿತು. ಅಂದು ಬಂದವಳೇ ಎದುರು ಮನೆಯ ಮುಚ್ಚಿದ ಬಾಗಿಲಿನ ಮುಂದೆ ನಿಂತು ಬಹಳ ಹೊತ್ತು ಅತ್ತಳು. ನಮ್ಮ ಬಂಧುಗಳಲ್ಲಿ ಅವಳ ಧೈರ್ಯ ಒಂದು ಹೆಮ್ಮೆಯ ಮಾತಾಯಿತು. ಮದುವೆ, ಪೂಜೆ ಎಲ್ಲಿಗೆ ಹೋದರೂ "ಕೋರ್ಟಿನಲ್ಲಿ ಹೇಳಿದ್ದು ಇವರೇ" ಎಂದು ಯಾರಾದರೂ ಪರಿಚಯ ಮಾಡಿಸುವರು.

ಅದಾಗಿ ಏಳೆಂಟು ವರ್ಷ. ನನಗೆ ಕೆಲಸ ಸಿಕ್ಕಿ, ಮದುವೆಯಾಗಿ, ಉಡುಪಿಯಲ್ಲಿ ಮನೆ ಮಾಡಿದ್ದೆವು. ಒಂದು ಬೆಳಿಗ್ಗೆ ಪೇಪರಿನಲ್ಲಿ ಸುದ್ದಿ ಬಂತು. ಬೇರೆ ಕಡೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಒಬ್ಬನ ಬಳಿ ಜಲಜಕ್ಕನ ಕರಿಮಣಿ ಸಿಕ್ಕಿತ್ತು. ಬೆರಳಚ್ಚು ತಾಳೆಯಾಗಿತ್ತು, ಅವನು ಒಪ್ಪಿಕೊಂಡೂ ಇದ್ದ. ಮೇಲಿನ ಕೋರ್ಟು ಯಮನಪ್ಪನನ್ನು ಬಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಬೆಚ್ಚಿ ಬೀಳಿಸಿದ್ದು ಇಬ್ಬರ ಫೋಟೊ. ನಿಜವಾದ ಕೊಲೆಗಾರ ಬೆಳ್ಳಗೆ, ದುಂಡು ಮುಖದವ, ಗಿಡ್ಡ ಕತ್ತಿನವ. ಯಮನಪ್ಪನದು ಕಪ್ಪು, ಉದ್ದ ಮುಖ, ಒಳಗೆ ಹೋದ ಕೆನ್ನೆ. ಸ್ವಲ್ಪವಾದರೂ ಹೋಲಿಕೆ ಇದ್ದಿದ್ದರೆ ಮನಸ್ಸಿಗೆ ಒಂದು ಹಿಡಿಕೆ ಸಿಗುತ್ತಿತ್ತು. ಇಬ್ಬರೂ ಗಾರೆ ಕೆಲಸದವರು, ಇಬ್ಬರೂ ತಲೆಗೆ ಟವೆಲು ಸುತ್ತುವವರು, ಅಷ್ಟೇ.

ಬಂಧುಗಳೆಲ್ಲ ಹೆದರಿದರು. ಅವನು ಬಂದೇ ಬರುತ್ತಾನೆ, ದೊಡ್ಡಮ್ಮನನ್ನು ಮಟ್ಟುವಿಗೆ ಕರೆದುಕೊಂಡು ಹೋಗಿ ಎಂದರು. ಅವಳು ಜಪ್ಪಯ್ಯ ಎಂದರೂ ಕೇಳಲಿಲ್ಲ. "ನಾನು ಸುಳ್ಳು ಹೇಳಿದವಳಾ, ಓಡಿ ಹೋಗ್ಲಿಕ್ಕೆ?" ಹಾಗಾಗಿ ರಜೆಯಲ್ಲಿ ನಾನೇ ಕುಕ್ಕುಂದೂರಿಗೆ ಹೋಗಿ ಉಳಿದೆ. ಅಷ್ಟು ಕಾದಂಬರಿ ಓದಿದ ವಿದ್ಯೆ ಉಪಯೋಗಕ್ಕೆ ಬರುವ ಕಾಲ ಅದು. ಅಂಗಳದಲ್ಲಿದ್ದ ಕತ್ತಿ, ಕಾಯಿ ಸುಲಿಯುವ ಸಲಾಕೆ ಎಲ್ಲವನ್ನೂ ಒಳಗೆ ತಂದು ಮಂಚದ ಕೆಳಗೆ ತುರುಕಿದೆ. ಮೆಣಸಿನ ಪುಡಿಯ ಒಂದು ಪೊಟ್ಟಣ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೆಕ್ಕು ಹೆಂಚಿನ ಮೇಲೆ ನಡೆದರೂ ನನ್ನ ಕೈ ಸೊಂಟಕ್ಕೆ ಹೋಗುತ್ತಿತ್ತು.

ಅವನು ಬಂದದ್ದು ಹಾಡಹಗಲಲ್ಲಿ, ಗೇಟಿನ ಚಿಲಕ ಸದ್ದು ಮಾಡುತ್ತ. ಗಡ್ಡವಿಲ್ಲ, ಮಚ್ಚಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೂದಲು ಮಾತ್ರ ವಯಸ್ಸಿಗೆ ಮೀರಿ ಬೆಳ್ಳಗಾಗಿತ್ತು. ಅಂಗಳದಲ್ಲೇ ನಿಂತ.

"ಅಮ್ಮಾರ, ಒಂದ ಮಾತ ಕೇಳೂದೈತ್ರಿ. ಕೇಳಿ ಹೊಕ್ಕೀನಿ."

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಪುಡಿಯ ಪೊಟ್ಟಣ ಆಗಲೇ ನನ್ನ ಮುಷ್ಟಿಯಲ್ಲಿ ಬಿಚ್ಚಿಹೋಗಿ ಅಂಗೈ ಉರಿಯತೊಡಗಿತ್ತು.

"ನನ್ನ ತೋರಸ್ರಿ ಅಂತ ಯಾರ ಹೇಳಿಕೊಟ್ಟಿದ್ರು ನಿಮಗ?" ಅವನ ದನಿ ಏರಿರಲಿಲ್ಲ. "ನಮ್ಮ ಮೇಸ್ತ್ರಿನ? ಊರಿಗೆ ಹೊಕ್ಕೀನಿ ರಜಾ ಕೊಡ್ರಿ ಅಂದಿದ್ದಕ್ಕ ನನಗೂ ಅವಂಗೂ ಜಗಳಾಗಿತ್ತು. ಅವನ ಅಲ್ಲೇನ್ರಿ? ಖರೇ ಹೇಳ್ರಿ. ಒಳಗಿದ್ದಾಗ ದಿನಾ ನಿಮ್ಮನ್ನ ಕೊಂದೀನ್ರಿ, ಮನಸ್ಸಿನ್ಯಾಗ. ನಿಮ್ಮನ್ನ ಮೊದಲ, ಆಮ್ಯಾಲ ಅವನ್ನ. ಈಗ ಹಂಗೇನ ಮಾಡೂದಿಲ್ಲ. ಖರೇ ಏನಂತ ಗೊತ್ತಾದ್ರ ಸಾಕು."

"ಯಾರೂ ಹೇಳಿಕೊಡ್ಲಿಲ್ಲ" ಎಂದಳು ದೊಡ್ಡಮ್ಮ. "ನಾನು ಕಂಡದ್ದನ್ನೇ ಹೇಳಿದ್ದು."

ಅವನು ಎರಡು ಹೆಜ್ಜೆ ಮುಂದೆ ಬಂದ. "ಹಂಗಾರ ಈಗೊಮ್ಮಿ ನನ್ನ ಮಾರಿ ಸರಿಯಾಗಿ ನೋಡ್ರಿ."

ನಾನು ತಡೆಯುವ ಮೊದಲೇ ಅವಳು ಮೆಟ್ಟಿಲಿಳಿದಳು. ಬಿಸಿಲಿಗೆ ಕೈ ಅಡ್ಡ ಹಿಡಿದು, ಫ್ಯಾಕ್ಟರಿಯ ಮೇಜಿನ ಮೇಲೆ ನೋಡುತ್ತಿದ್ದ ಹಾಗೆಯೇ, ಅವನ ಹಣೆ, ಹುಬ್ಬು, ಕೆನ್ನೆ ಎಲ್ಲ ನೋಡಿದಳು. ಅವನು ಅಲುಗದೆ ನಿಂತಿದ್ದ. ಕ್ಷಮೆ ಕೇಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ನನ್ನ ಕಡೆ ತಿರುಗಿದಳು. ತುಳುವಿನಲ್ಲಿ, ಪಿಸುಮಾತಿನಲ್ಲಿ, ಒಂದೇ ಮಾತು ಹೇಳಿದಳು.

"ಏನಂದ್ರು?" ಅವನು ನನ್ನನ್ನು ಕೇಳಿದ.

ನಾನು ದೊಡ್ಡಮ್ಮನ ತೋಳು ಹಿಡಿದು ಮೆಟ್ಟಿಲ ಕಡೆ ಎಳೆದೆ.

"ಹೇಳ್ರಿ ಅಕ್ಕಾರ. ಕೋರ್ಟಿನ್ಯಾಗೂ ಎಲ್ಲಾರೂ ಹಿಂಗ ನನಗ ತಿಳೀಲಾರದಂಗ ಮಾತಾಡಿದ್ರು. ನೀವರೆ ಹೇಳ್ರಿ."

ಅದಾದ ಮೇಲೆ ಬಚ್ಚಿಡುವುದು ನನ್ನಿಂದಾಗಲಿಲ್ಲ. "ಈಗಲೂ ನಿಮ್ಮದೇ ಮುಖ ಕಾಣುವುದಂತೆ" ಎಂದೆ. "ಪಾಗಾರದ ಮೇಲೆ ತಿರುಗಿ ನೋಡಿದ್ದು ನಿಮ್ಮದೇ ಮುಖ ಅಂತ. ನೀವಲ್ಲ ಅಂತ ಅವರಿಗೆ ಗೊತ್ತುಂಟು. ಆದರೂ ಕಣ್ಣು ಮುಚ್ಚಿದ್ರೆ ನೀವೇ ಅಂತೆ."

ಅವನು ಕೂಗಾಡಿದ್ದರೆ ಒಳ್ಳೆಯದಿತ್ತು. ಕೈ ಎತ್ತಿದ್ದರೂ ನನಗೆ ಅರ್ಥವಾಗುತ್ತಿತ್ತು. ಅವನು ದೊಡ್ಡಮ್ಮನನ್ನೇ ನೋಡುತ್ತಿದ್ದ; ಅವಳು ಸುಳ್ಳು ಹೇಳುತ್ತಿಲ್ಲವೆಂದು ಅವನಿಗೆ ತಿಳಿಯುತ್ತ ಹೋಗುವುದು ನಮಗೆ ಕಾಣುತ್ತಿತ್ತು. ತುಳಸಿಕಟ್ಟೆಯ ಅಂಚಿಗೆ ಕೂತ. ಮೇಸ್ತ್ರಿ ಇಲ್ಲ, ಲಂಚವಿಲ್ಲ, ಪಿತೂರಿಯಿಲ್ಲ. ಅಷ್ಟು ವರ್ಷ ಅವನನ್ನು ಒಳಗೆ ಬದುಕಿಸಿ ಇಟ್ಟಿದ್ದ ಶತ್ರುವೇ ಇರಲಿಲ್ಲ. ಅಲ್ಲಿದ್ದದ್ದು ಗೆಳತಿಗಾಗಿ ಅತ್ತು, ಕಂಡದ್ದನ್ನು ಕಂಡಂತೆ ಹೇಳಿದ ಒಬ್ಬ ಹೆಂಗಸು.

"ನಮ್ಮವ್ವ ಸತ್ತಾಗ ಬಿಡಲಿಲ್ರಿ ನನ್ನ" ಎಂದ ನೆಲ ನೋಡುತ್ತ. ಆಮೇಲೆ ತಲೆಯೆತ್ತಿದ. "ಹಂಗಾರ ನಾ ಯಾರ ಮ್ಯಾಲ ಸಿಟ್ಟ ಮಾಡ್ಲಿ?"

ಅವನು ನಿಜವಾಗಿಯೂ ಕೇಳುತ್ತಿದ್ದ. ಉತ್ತರ ನಮ್ಮಲ್ಲಿರಬಹುದು ಎಂಬಂತೆ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದ. "ನನ್ನ ಮೇಲೆಯೇ ಮಾಡು ಮಗಾ" ಎಂದಳು ದೊಡ್ಡಮ್ಮ, ಅಳುತ್ತ. ಅವನು ತಲೆಯಲ್ಲಾಡಿಸಿದ. ಅದು ಕ್ಷಮೆಯಾಗಿರಲಿಲ್ಲ, ನಾನು ಹಾಗೆ ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಕೊಡಲು ಬಂದ ವಸ್ತುವಿನಿಂದ ತನಗೆ ಉಪಯೋಗವಿಲ್ಲ ಎನ್ನುವವರು ಹಾಗೆ ತಲೆಯಲ್ಲಾಡಿಸುತ್ತಾರೆ. ಅವಳು ಬೆಲ್ಲ, ನೀರು ತರಲು ಒಳಗೆ ಹೋದಳು. ತರುವಷ್ಟರಲ್ಲಿ ಅವನು ಎದ್ದು ಹೋಗಿದ್ದ. ಗೇಟಿನ ಚಿಲಕವನ್ನು ಮಾತ್ರ ಸರಿಯಾಗಿ ಹಾಕಿದ್ದ.

ಅದಾದ ಮೇಲೆ ದೊಡ್ಡಮ್ಮ ಫ್ಯಾಕ್ಟರಿಗೆ ಹೋಗಲಿಲ್ಲ. ಒಂದು ದಿನ ನನಗೆ ಫೋನು ಮಾಡಿ, ಮಣಿಪಾಲದಲ್ಲಿ ಕಣ್ಣು ತೋರಿಸಬೇಕು ಎಂದಳು. ಕರೆದುಕೊಂಡು ಹೋದೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನಗುತ್ತ ಹೇಳಿದರು: "ಅಜ್ಜಿ, ನಿಮ್ಮ ಕಣ್ಣು ತುಂಬ ಚೆನ್ನಾಗಿ ಉಂಟು. ಏನೂ ತೊಂದರೆ ಇಲ್ಲ."

"ಸರಿಯಾಗಿ ನೋಡಿ ಡಾಕ್ಟ್ರೇ" ಎಂದಳು ದೊಡ್ಡಮ್ಮ. "ಮೊದಲೇ ಹಾಳಾಗಿರ್ಬೇಕು. ತುಂಬ ವರ್ಷದ ಹಿಂದೆಯೇ ಹಾಳಾಗಿರ್ಬೇಕು."

"ಇಲ್ಲ ಅಜ್ಜಿ, ಎಂತದೂ ಇಲ್ಲ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದಲ್ಲಿದ್ದವರೊಬ್ಬರು ದೃಷ್ಟಿ ಹೋಗಿಬಿಟ್ಟಿದೆಯೆಂದು ತಿಳಿದು ಅವಳ ಬೆನ್ನು ಸವರಿದರು. "ಕಣ್ಣು ಸರಿ ಉಂಟಂತೆ ಮಗಾ, ಸರಿ ಉಂಟಂತೆ" ಎಂದು ಅವಳು ನನ್ನ ಕೈ ಹಿಡಿದು ಹೇಳುತ್ತಲೇ ಇದ್ದಳು. ತೀರಿಕೊಳ್ಳುವವರೆಗೂ ಅವಳು ಬಾಗಿಲಿಗೆ ಬಂದವರನ್ನು, ನನ್ನನ್ನೂ, "ನೀನೇ ಅಲ್ವಾ?" ಎಂದು ಕೇಳಿಯೇ ಒಳಗೆ ಕರೆಯುತ್ತಿದ್ದಳು.

ಇದನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇವತ್ತು ಬೆಳಿಗ್ಗೆ ಒಂದು ಸಂಗತಿ ನಡೆಯಿತು. ಕಾಪುವಿಗೆ ಬಸ್ಸು ಹಿಡಿಯಲು ನಡೆಯುತ್ತಿದ್ದೆ. ದಾರಿಯಲ್ಲೊಂದು ಕಡೆ, ದಿನಗೂಲಿಗೆ ಕರೆಯುವವರಿಗಾಗಿ ಕಾಯುತ್ತ ಉತ್ತರ ಕರ್ನಾಟಕದ ಕೆಲಸದವರು ಗುಂಪಾಗಿ ನಿಲ್ಲುತ್ತಾರೆ. ದಿನಾ ಅವರ ಎದುರು ಬದಿಯಲ್ಲೇ ಹೋಗುವವಳು ನಾನು. ಇವತ್ತು ಆ ಗುಂಪಿನಲ್ಲಿ ಯಮನಪ್ಪ ನಿಂತಿದ್ದ. ಅದೇ ಉದ್ದ ಮುಖ, ಒಳಗೆ ಹೋದ ಕೆನ್ನೆ, ಬೆಳ್ಳಗಿನ ಕೂದಲು. ರಸ್ತೆ ದಾಟಿ ಹೋಗಿ, "ಯಮನಪ್ಪಾ" ಎಂದೆ. ಅಷ್ಟರಲ್ಲಿ ಆಚೆ ಮುಖ ಮಾಡಿದ್ದ ಅವನು ತಿರುಗಲಿಲ್ಲ. ತೋಳು ಮುಟ್ಟಿ ಮತ್ತೆ ಕರೆದೆ.

ತಿರುಗಿದವನಿಗೆ ಮೂವತ್ತು ದಾಟಿರಲಿಲ್ಲ. ದುಂಡು ಮುಖ. ಬೆಳ್ಳಗೆ ಕಂಡದ್ದು ಕೂದಲಿಗೆ ಅಂಟಿದ ಸುಣ್ಣದ ಪುಡಿ.

"ನಾ ಅಲ್ರಿ ಅಕ್ಕಾರ" ಎಂದ ನಗುತ್ತ. "ನನ್ನ ಹೆಸರ ಮಂಜುನಾಥ. ಏನ ಕೆಲಸ ಐತ್ರಿ?"

ಏನೂ ಇಲ್ಲವೆಂದು ಹೇಳಬೇಕಿತ್ತು. ನಾನು ಕಂಡದ್ದು ಯಮನಪ್ಪನನ್ನೇ. ಯಾವ ಕೋರ್ಟಿನಲ್ಲಿ ನಿಲ್ಲಿಸಿದರೂ ಹಾಗೆಂದೇ ಹೇಳುತ್ತಿದ್ದೆ. ಬಸ್ಸು ಬಂತು, ಹೋಯಿತು. ಅಂಗಿಯ ಬಣ್ಣ ನೋಡದೆ, ಹೆಗಲ ಮೇಲಿನ ಟವೆಲು ನೋಡದೆ, ಆ ಹುಡುಗನ ಮುಖವನ್ನಷ್ಟೇ ನೋಡುತ್ತ ನಾನು ಅಲ್ಲೇ ನಿಂತಿದ್ದೆ.